ಕುಡಿದು ಮಾತಾಡ್ತಾನೆ ಬಿಡು ಅಂದುಕೊಂಡಿದ್ದೆ: ಟೆಲಿ ಮಾನಸ್ 14416 ನನಗೆ ಕೇಳಿದ ಪ್ರಶ್ನೆ

ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಾನು ಮೊದಲ ಸಲ ಫೋನ್ ಮಾಡಿದ್ದು ಕಳೆದ ಜುಲೈನಲ್ಲಿ, ರಾತ್ರಿ ಹನ್ನೊಂದು ದಾಟಿತ್ತು. ಮೂಡಿಗೆರೆ ಕಡೆಯ ಜುಲೈ ಅಂದ್ರೆ ಗೊತ್ತಲ್ವಾ, ಮೂರು ದಿನದಿಂದ ಕರೆಂಟ್ ಇರಲಿಲ್ಲ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹೆಂಚಿನಿಂದ ನೀರು ಸುರಿಯುವ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಅಲ್ಲೇ ನಿಂತು ಮಾತಾಡಿದೆ.

ಫೋನ್ ಮಾಡಿದ್ದು ನನ್ನ ತಮ್ಮನ ಸಲುವಾಗಿ. ಅವನು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಆಳುಗಳ ಲೆಕ್ಕ ಬರೆಯೋನು. ಹನ್ನೆರಡು ವರ್ಷದ ಕುಡಿತ. ಆಗೆಲ್ಲ ಬೆಳಿಗ್ಗೆ ಎದ್ದ ಕೂಡಲೇ ಬೇಕಿತ್ತು, ಇಲ್ಲದಿದ್ದರೆ ಕೈ ನಡುಗಿ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯೋಕೆ ಆಗುತ್ತಿರಲಿಲ್ಲ. ನಾನು ಫೋನ್ ಮಾಡುವ ಮೂರು ವಾರ ಮುಂಚೆ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಬೇಲೂರಿನ ತವರಿಗೆ ಹೋಗಿದ್ದಳು. ಫೋನ್ ಮಾಡಿದ ದಿನ ಸಂಜೆ ನಮ್ಮನೆಗೆ ಬಂದವನು ಬೈಕ್ ಕೀ, ಎಲ್‌ಐಸಿ ಬಾಂಡ್, ಮಗಳ ಹೆಸರಿನ ಪಾಸ್‌ಬುಕ್ ಎಲ್ಲಾ ಒಂದು ಕವರಿನಲ್ಲಿ ಹಾಕಿ, "ಇದು ನಿನ್ನ ಹತ್ರ ಇರ್ಲಿ ಅಕ್ಕಾ" ಅಂದ. ಬೀರುವಿನಲ್ಲಿಟ್ಟು ಊಟಕ್ಕೆ ಕರೆದೆ. "ನಾನಿಲ್ದಿದ್ರೆ ಎಲ್ರಿಗೂ ಆರಾಮ" ಅಂತ ಅವನು ಮುಂಚೆಯೂ ಹೇಳುತ್ತಿದ್ದ. ಕುಡಿದು ಮಾತಾಡ್ತಾನೆ ಬಿಡು ಅಂತ ನಾನೂ ನಮ್ಮ ಯಜಮಾನರೂ ಸುಮ್ಮನಾಗುತ್ತಿದ್ದೆವು. ಮಲಗಿದ ಮೇಲೆ ಆ ಕವರ್ ಕಣ್ಣಮುಂದೆ ಬಂತು. ನಿದ್ದೆ ಹಾರಿಹೋಯ್ತು.

ಆ ಕಡೆ ಮಾತಾಡಿದ ಹುಡುಗಿ ಕುಡಿತದ ಬಗ್ಗೆ ಮೊದಲು ಕೇಳಲೇ ಇಲ್ಲ. "ಅವರು ಈಗ ಎಲ್ಲಿದ್ದಾರೆ ಅಮ್ಮ? ಪಕ್ಕದಲ್ಲಿ ಯಾರಿದ್ದಾರೆ? ತೋಟಕ್ಕೆ ಹೊಡೆಯೋ ಔಷಧಿ ಮನೇಲಿದೆಯಾ, ಬೀಗ ಹಾಕಿದೆಯಾ?" ಆಮೇಲೆ, "ಸಾಯಬೇಕು ಅನಿಸ್ತಿದೆಯಾ ಅಂತ ಅವರನ್ನ ಬಾಯಿಬಿಟ್ಟು ಕೇಳಿದ್ದೀರಾ?"

ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ. ಹಾಗಾಗಲ್ಲ, ಕೇಳಿದರೆ ಎಷ್ಟೋ ಜನಕ್ಕೆ ಎದೆ ಹಗುರಾಗುತ್ತೆ ಅಂದಳು. ಕುಡಿತ ಬಿಡಲಾಗದ ಸ್ಥಿತಿಗೆ ಹೋದವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿಯಂತೆ. ಕುಡಿತ ದುಃಖವನ್ನು ಹೆಚ್ಚು ಮಾಡುತ್ತೆ, ಜೊತೆಗೆ ಮನಸ್ಸಿನ ಬ್ರೇಕನ್ನೂ ಸಡಿಲ ಮಾಡುತ್ತೆ. ಒಂದು ಗಂಟೆ ತಡೆದುಕೊಂಡರೆ ದಾಟಿಹೋಗುವ ಯೋಚನೆಗೆ ಆ ಒಂದು ಗಂಟೆಯೇ ಸಿಗಲ್ಲ. ಅದರ ಮೇಲೆ ಹೆಂಡತಿ ಬಿಟ್ಟುಹೋದ ಮೊದಲ ಕೆಲವು ವಾರ ಅಂದ್ರೆ ತುಂಬಾ ಹುಷಾರಾಗಿರಬೇಕು. ಬೈಬೇಡಿ, ವಾದ ಮಾಡಬೇಡಿ, ರಾತ್ರಿ ಒಬ್ಬರನ್ನೇ ಬಿಡಬೇಡಿ ಅಂದಳು. ಯಜಮಾನರು ಚಾಪೆ ತಗೊಂಡು ಹೋಗಿ ಅವನ ಪಕ್ಕ ಮಲಗಿದರು. ಔಷಧಿ ಡಬ್ಬಗಳನ್ನೆಲ್ಲ ನಾನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ.

ಬೆಳಿಗ್ಗೆ ಕಾಫಿ ಕೊಟ್ಟು ಕೇಳಿದೆ. "ಸಾಯ್ಬೇಕು ಅನ್ನಿಸ್ತಿದೆಯೇನೋ?" ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತ. ಕಾಫಿ ಕೆನೆ ಕಟ್ಟಿತು. "ಹೂಂ ಅಕ್ಕಾ. ದಿನಾ" ಅಂದ. ಹನ್ನೆರಡು ವರ್ಷ ನಾವೆಲ್ಲ ಅವನನ್ನು ಕೇಳಿದ್ದು ಒಂದೇ, ಇವತ್ತು ಎಷ್ಟು ಕುಡಿದೆ ಅಂತ.

ಇವತ್ತಿಂದ ಒಂದು ಹನಿಯೂ ಕೊಡಲ್ಲ ಅಂತ ಮತ್ತೆ ಫೋನ್ ಮಾಡಿ ಹೇಳಿದೆ. ಈ ಸಲ ಬೇರೆಯವರು ಸಿಕ್ಕಿದ್ದರು, ಅವರೇ ತಡೆದರು. ದಿನಾ ಕುಡಿಯುವವರು ಮನೆಯಲ್ಲಿ ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರು ನಾಲ್ಕನೇ ದಿನ ದಿಕ್ಕು ತಪ್ಪಿ ಇಲ್ಲದ್ದೆಲ್ಲ ಕಾಣಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲೇ ಬಿಡಿಸಬೇಕು. ನಮ್ಮ ಚಿಕ್ಕಪ್ಪ ಮಾತ್ರ, ಸಾಯೋ ವಿಷಯ ಆಸ್ಪತ್ರೆಯಲ್ಲಿ ಎತ್ತಿದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಅಡ್ಡ ನಿಂತರು. ಆದರೆ ಮನಸ್ಸಿನಲ್ಲಿರೋದನ್ನು ಡಾಕ್ಟರಿಗೆ ಹೇಳಿದರೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ.

ಚಿಕ್ಕಮಗಳೂರಿನಲ್ಲಿ ಹತ್ತು ದಿನ ವಾರ್ಡಿನಲ್ಲಿದ್ದ. ಬಿ1 ವಿಟಮಿನ್ ಇಂಜೆಕ್ಷನ್, ನಡುಕಕ್ಕೆ ಮಾತ್ರೆ. ಕುಡಿತದಿಂದ ಬಂದ ಬೇಸರ ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಾಗಿ ಇಳಿಯುತ್ತೆ, ಇಳಿಯದಿದ್ದರೆ ಖಿನ್ನತೆಗೆ ಬೇರೆ ಚಿಕಿತ್ಸೆ ಬೇಕು ಅಂತ ಡಾಕ್ಟರ್ ಹೇಳಿದರು. ಮನೆಗೆ ಹೋದ ಮೊದಲ ವಾರಗಳಲ್ಲೇ ಜಾಸ್ತಿ ಗಮನ ಇರಲಿ ಅಂದರು. ಎರಡು ವರ್ಷದ ಹಿಂದೆ ಒಂದು ಖಾಸಗಿ ಕೇಂದ್ರದಲ್ಲಿ ಒಂದು ತಿಂಗಳು ಇಟ್ಟಿದ್ದೆವು. ಅಲ್ಲಿ ಬಿಲ್ಲು, ಮಾತ್ರೆ ಕೈಗಿಟ್ಟು ಕಳಿಸಿದ್ದರು. ಮನೆಗೆ ಹೋದ ಮೊದಲ ವಾರಗಳಲ್ಲಿ ಹುಷಾರು ಅನ್ನೋ ಈ ಒಂದು ಮಾತು ಆಗ ಯಾರೂ ಹೇಳಲಿಲ್ಲ. ಅದು ಇವತ್ತಿಗೂ ನನಗೆ ಸಂಕಟ.

14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಮುಂದಾಳತ್ವ ನಿಮ್ಹಾನ್ಸ್‌ನದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ತಜ್ಞರಿಗೆ ಕೊಡುತ್ತಾರೆ. ಕುಡಿಯುವವರೇ ಮಾಡಬೇಕು ಅಂತೇನಿಲ್ಲ, ಮನೆಯವರೂ ಮಾಡಬಹುದು. ಆ ಕ್ಷಣವೇ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಕಾಯಬೇಡಿ, 108ಕ್ಕೆ ಮಾಡಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತೆ, ಈಗ ನಾವು ತೋರಿಸೋದು ಅಲ್ಲೇ.

ಗಣಪತಿ ಹಬ್ಬದ ಮರುದಿನ ಒಂದು ಸಲ ಕುಡಿದುಬಿಟ್ಟ. ಆ ರಾತ್ರಿ ಮತ್ತೆ ಅದೇ ಪ್ರಶ್ನೆ ಕೇಳಿದೆ. "ಇವತ್ತು ಹಾಗೇನಿಲ್ಲ ಅಕ್ಕಾ, ನಾಚಿಕೆ ಆಗ್ತಿದೆ ಅಷ್ಟೆ" ಅಂದ. ಮಂಗಳವಾರ ಡಾಕ್ಟರ ಹತ್ರ ಅವನೇ ಅದನ್ನು ಹೇಳಿದ. ಹೋದ ತಿಂಗಳು ಬೈಕ್ ಕೀ, ಬಾಂಡ್, ಪಾಸ್‌ಬುಕ್ ವಾಪಸ್ ಕೇಳಿದ, ಕೊಟ್ಟೆ. ಔಷಧಿ ಪೆಟ್ಟಿಗೆಯ ಕೀ ಇನ್ನೂ ನನ್ನ ಹೊಲಿಗೆ ಮಿಷನ್ನಿನ ಡ್ರಾದಲ್ಲೇ ಇದೆ.