ಪುಣೆಯ ಬೋರ್‌ವೆಲ್ ನೀರಿಗೆ ಬಾತ್‌ರೂಮ್ ಸಾಫ್ಟನರ್: ಯಾವುದು ನಡೆಯುತ್ತದೆ, ಎಷ್ಟು ದಿನ

ವಾಘೋಲಿ, ಉಂಡ್ರಿ, ಪಿಸೋಳಿ ಕಡೆಯ ಫ್ಲ್ಯಾಟುಗಳಲ್ಲಿ ಗಡಸು ನೀರಿಗೆಂದು ಜನ ತರುವುದು ಮೂರು ಬಗೆಯ ಸಾಮಾನು. ಶವರ್‌ಗೆ ತಿರುಗಿಸಿ ಹಾಕುವ ಪುಟ್ಟ ಫಿಲ್ಟರ್, ನಲ್ಲಿಯ ಪಕ್ಕ ಗೋಡೆಗೆ ಕೂರಿಸುವ ಒಂದೂವರೆ ಲೀಟರ್ ರೆಸಿನ್ನಿನ (ಗಡಸುತನ ಹಿಡಿದು ಸೋಡಿಯಂ ಬಿಡುವ ಪುಟ್ಟ ಮಣಿಗಳು) ಸಾಫ್ಟನರ್, ನೆಲದ ಮೇಲೆ ನಿಲ್ಲಿಸುವ ಆರು ಲೀಟರ್ ರೆಸಿನ್ನಿನ ಸಿಲಿಂಡರ್. ಟ್ಯಾಂಕರ್ ನೀರಿನ ಮನೆಗೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಮೂರನೆಯದೊಂದೇ.

ಖಡಕ್‌ವಾಸಲಾ ಅಣೆಕಟ್ಟಿನಿಂದ ಬರುವ ಪಾಲಿಕೆ ನೀರು ಸಹ್ಯಾದ್ರಿಯ ಮಳೆನೀರು, ಮೃದುವಾಗಿಯೇ ಇರುತ್ತದೆ. ಪಿಂಪ್ರಿ-ಚಿಂಚವಡಕ್ಕೆ ಬರುವ ಪವನಾ ನೀರೂ ಹಾಗೆಯೇ. ಕ್ಯಾಲ್ಸಿಯಂ, ಮೆಗ್ನೀಷಿಯಂ ಹೊತ್ತು ತರುವುದು ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ನಿಂತ ಬೋರ್ ನೀರು. ವಾಘೋಲಿ 2021ರಲ್ಲಿ ಪಾಲಿಕೆಗೆ ಸೇರಿದರೂ ಎಷ್ಟೋ ಸೊಸೈಟಿಗಳು ಇನ್ನೂ ಟ್ಯಾಂಕರನ್ನೇ ನಂಬಿವೆ. ಪಾಲಿಕೆ, ಬೋರ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುವುದರಿಂದ ಇವತ್ತಿನ ಗಡಸುತನ ನಾಳೆ ಇರುವುದಿಲ್ಲ. ಬೇಸಿಗೆಯಲ್ಲಂತೂ ಏರುವುದೇ ಹೆಚ್ಚು.

ಆದ್ದರಿಂದ ಮೊದಲು ಅಳೆಯಬೇಕು, ಅದೂ ಟಿಡಿಎಸ್ ಮೀಟರಿನಿಂದಲ್ಲ. ಅದು ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ ಅಷ್ಟೇ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಹೇಳುವುದಿಲ್ಲ. ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ತನ್ನಿ. ನೀರು ಮೊದಲು ದ್ರಾಕ್ಷಾರಸದಂತೆ ಕೆಂಪಾಗುತ್ತದೆ. ಹನಿ ಹಾಕುತ್ತಾ ಹೋದಂತೆ ನೇರಳೆಗೆ ತಿರುಗಿ, ಕೊನೆಗೆ ಒಂದು ಹನಿಗೆ ಪೂರಾ ನೀಲಿಯಾಗುತ್ತದೆ. ನೇರಳೆಗೇ ನಿಲ್ಲಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರು ಸಿಗದಿದ್ದರೆ ಮಾತ್ರ 600ರವರೆಗೆ. 200ರೊಳಗಿದ್ದರೆ ಸಾಫ್ಟನರ್ ಬೇಡವೇ ಬೇಡ.

ಶವರ್ ಫಿಲ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಲೋರಿನ್ ವಾಸನೆ ತಗ್ಗಿಸುತ್ತದೆ, ಮಣ್ಣು ಹಿಡಿಯುತ್ತದೆ. ಗಡಸುತನ ಒಳಗೆ ಎಷ್ಟಿತ್ತೋ ಹೊರಗೂ ಅಷ್ಟೇ. ಕೂದಲು ಉದುರುವ ಚಿಂತೆಯಲ್ಲಿ ಇರುವವರಿಗೆ ಇದನ್ನು ಗಡಸು ನೀರಿನ ಪರಿಹಾರವೆಂದು ಮಾರುವುದು ತಪ್ಪು.

ಸಾಫ್ಟನರ್ ವಿಷಯದಲ್ಲಿ ಡಬ್ಬದ ಮೇಲಿನ ‘ಇಷ್ಟು ಸಾವಿರ ಲೀಟರ್’ ನಂಬದೆ ಲೆಕ್ಕ ಹಾಕಿ. ರೆಸಿನ್ ಸೋತಾಗ ಉಪ್ಪುನೀರು ಹಾಯಿಸಿದರೆ ಹಿಡಿದ ಗಡಸುತನ ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಹೀಗೆ ಉಪ್ಪು ಹಾಕಿ ನಡೆಸುವಾಗ ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ನೀರು 500 ಮಿಲಿಗ್ರಾಂ ಇದ್ದರೆ ಲೀಟರಿಗೆ ಅರ್ಧ ಗ್ರಾಂ. ಒಂದೂವರೆ ಲೀಟರ್ ರೆಸಿನ್ನಿಗೆ ಸಿಗುವುದು 150 ಲೀಟರ್ ಮೆದು ನೀರು, ಅಂದರೆ ಏಳೆಂಟು ಬಕೆಟ್. ನಾಲ್ಕು ಜನರ ಸ್ನಾನಕ್ಕೂ ಸಾಲದು. ಆರು ಲೀಟರ್ ರೆಸಿನ್ನಿಗೆ 600 ಲೀಟರ್. ದಿನಕ್ಕೆ 200 ಲೀಟರ್ ಬಳಸಿದರೆ ಮೂರು ದಿನಕ್ಕೊಮ್ಮೆ ಉಪ್ಪು ಹಾಕಬೇಕು. ಇಷ್ಟು ಕೆಲಸಕ್ಕೆ ಮನಸ್ಸಿಲ್ಲದಿದ್ದರೆ ಕೊಳ್ಳಬೇಡಿ.

ಎಲ್ಲರೂ ಎಡವುವುದು ಉಪ್ಪು ಹಾಕುವುದರಲ್ಲೇ. ಆರು ಲೀಟರ್ ರೆಸಿನ್ನಿಗೆ 700 ಗ್ರಾಂ ಉಪ್ಪು, ಏಳು ಲೀಟರ್ ನೀರು. ಕಿರಾಣಿ ಅಂಗಡಿಯ ಖಡೇ ಮೀಠ್ (ಕಲ್ಲುಪ್ಪು) ಸಾಕು, ಆದರೆ ಕರಗಿಸಿ ಬಟ್ಟೆಯಲ್ಲಿ ಸೋಸಿ. ಅದರ ಮಣ್ಣು ರೆಸಿನ್ನಿಗೆ ಹೋಗಬಾರದು. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ, ತಿಳಿಯಾಗುವವರೆಗೆ ಐದು-ಹತ್ತು ನಿಮಿಷ ಬ್ಯಾಕ್‌ವಾಶ್ ಮಾಡಿ. ಆಮೇಲೆ ಉಪ್ಪುನೀರನ್ನು ಸಣ್ಣ ಧಾರೆಯಲ್ಲಿ ಅರ್ಧ ಗಂಟೆ ಬಿಡಿ. ಐದೇ ನಿಮಿಷದಲ್ಲಿ ಸುರಿದರೆ ಉಪ್ಪು ಚರಂಡಿಗೆ ಹೋಗುತ್ತದೆ, ರೆಸಿನ್ ಹಾಗೇ ಉಳಿಯುತ್ತದೆ. ಕೊನೆಗೆ ನಾಲಿಗೆಗೆ ಉಪ್ಪು ತಾಗದಷ್ಟು ತೊಳೆದು ಕಿಟ್ಟಿನಲ್ಲಿ ನೋಡಿ: ಮೊದಲ ಹನಿಗೇ ನೀಲಿಯಾದರೆ ಕೆಲಸ ಆಯಿತು.

ಮೇಲಿನ ಮಹಡಿಯವರು ಪ್ರೆಶರ್ ನೋಡಿಕೊಳ್ಳಬೇಕು. ಟ್ಯಾಂಕ್ ನಲ್ಲಿಗಿಂತ ಮೂರು ಮೀಟರ್ ಮಾತ್ರ ಎತ್ತರದಲ್ಲಿದ್ದರೆ ಸಿಗುವುದು 0.3 ಬಾರ್, ರೆಸಿನ್ ದಾಟಿ ಬರುವಷ್ಟರಲ್ಲಿ ಶವರ್ ತೊಟ್ಟಿಕ್ಕುತ್ತದೆ, ಪ್ರೆಶರ್ ಪಂಪ್ ಬೇಕೇ ಬೇಕು. ಟ್ಯಾಂಕರ್ ನೀರಿನ ಕೆಸರಿಗೆ ಸಾಫ್ಟನರ್ ಮುಂದೆ ತೊಳೆಯಬಹುದಾದ ಜಾಲರಿ ಫಿಲ್ಟರ್ ಹಾಕಿಸಿ. ರೆಸಿನ್ ಕಂದು ಬಣ್ಣಕ್ಕೆ ತಿರುಗಿ ಉಪ್ಪು ಹಾಕಿದರೂ ಬೇಗ ಸೋತರೆ, ಬಹುಮಟ್ಟಿಗೆ ಕಬ್ಬಿಣ ಹಿಡಿದಿರುತ್ತದೆ.

ಸಾಫ್ಟನರ್ ಹಾಕಿದ ಮೇಲೂ ಟಿಡಿಎಸ್ ಇಳಿಯಲಿಲ್ಲವೆಂದು ಹಿಂದಿರುಗಿಸುವವರಿದ್ದಾರೆ. ಅದು ಇಳಿಯುವುದಿಲ್ಲ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಿರುತ್ತದೆ, 500 ಮಿಲಿಗ್ರಾಂ ಗಡಸುತನಕ್ಕೆ ಲೀಟರಿಗೆ ಸುಮಾರು 230 ಮಿಲಿಗ್ರಾಂ. ಹಾಗಾಗಿ ಆ ನೀರನ್ನು ಅಡುಗೆಗೆ, ಕುಡಿಯಲು ಬಳಸಬೇಡಿ, ಮನೆಯಲ್ಲಿ ಬಿಪಿ ಇರುವವರಿದ್ದರೆ ಖಂಡಿತ ಬೇಡ. ತೊಗರಿಬೇಳೆ ಬೇಯುವುದಿಲ್ಲವೆಂದರೆ ಅಡುಗೆಮನೆಗೆ ಆರ್‌ಓ ನೀರೇ ಸರಿ. ಬಳಸಿದ ಉಪ್ಪುನೀರನ್ನು ಬಾಲ್ಕನಿಯ ಗಿಡಗಳಿಗೆ ಸುರಿಯಬೇಡಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರನ್ನು ತೋಟಕ್ಕೆ ಬಿಡುವ ಸೊಸೈಟಿಯಾದರೆ, ಹತ್ತಾರು ಮನೆಗಳು ಸಾಫ್ಟನರ್ ಕೂರಿಸುವ ಮೊದಲೇ ಕಮಿಟಿಗೆ ತಿಳಿಸಿ: ಎಸ್‌ಟಿಪಿ ಉಪ್ಪನ್ನು ತೆಗೆಯುವುದಿಲ್ಲ.