ಹಳೆ ಲೇಡೀಸ್ ಸೈಕಲ್‌ಗೆ ಹೊಸ ಗೇರ್: ಹಬ್ ಗೇರೋ, ಡಿರೇಲರೋ?

ಹಬ್ ಗೇರ್ ಅಂದರೆ ಹಿಂದಿನ ಚಕ್ರದ ನಡುಭಾಗದ (ಹಬ್) ಒಳಗೇ ಇರುವ ಗೇರ್. ಡಿರೇಲರ್ ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜರುಗಿಸುವ ಸಾಧನ. ಮೊದಲು ಸ್ಕೇಲ್ ತಗೊಂಡು ಹಿಂದಿನ ಚಕ್ರ ಕೂರುವ ಜಾಗದ ಅಗಲ ಅಳೆಯಿರಿ. ಹಳೆ ಫ್ರೇಮ್‌ಗಳಲ್ಲಿ ಇದು ಸಾಮಾನ್ಯವಾಗಿ 110ರಿಂದ 120 ಮಿ.ಮೀ. ಇರುತ್ತದೆ. ಈಗಿನ ಡಿರೇಲರ್ ಹಬ್‌ಗೆ ಹೆಚ್ಚಾಗಿ 130 ಅಥವಾ 135 ಬೇಕು. ಸ್ಟೀಲ್ ಫ್ರೇಮ್ ಆದರೆ ಹಿಗ್ಗಿಸಬಹುದು. ಆದರೆ ಎರಡೂ ಕಡೆ ಸಮ ಬರದಿದ್ದರೆ ಚಕ್ರ ಓರೆಯಾಗುತ್ತದೆ.

ಡಿರೇಲರ್‌ಗೆ ಇನ್ನೊಂದು ರಗಳೆ: ಅದನ್ನು ಕೂರಿಸುವ ಕಿವಿ ಹಳೆ ಫ್ರೇಮ್‌ನಲ್ಲಿ ಬಹುತೇಕ ಇರುವುದಿಲ್ಲ. ಆಕ್ಸಲ್‌ಗೆ ಸಿಕ್ಕಿಸುವ ಹ್ಯಾಂಗರ್ ಹಾಕಬೇಕು. ನಾನು ಹಾಕಿದ್ದೆ. ಪ್ರತಿ ಸಲ ಪಂಕ್ಚರ್‌ಗೆ ಚಕ್ರ ಬಿಚ್ಚಿದಾಗಲೂ ಅದು ಜರುಗಿ, ಗೇರ್ ಕಟಕಟ ಅನ್ನುತ್ತಿತ್ತು.

3 ಸ್ಪೀಡ್ ಹಬ್ ಗೇರ್‌ಗೆ ಒಂದೇ ಕೇಬಲ್ ಸಾಕು. ಚೈನ್ ನೇರ ಓಡುವುದರಿಂದ ಚೈನ್ ಕವರ್ ಕೂಡ ಉಳಿಯುತ್ತದೆ. ಸೀರೆ, ದುಪ್ಪಟ್ಟಾ ಹಾಕುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಸಿಗ್ನಲ್‌ನಲ್ಲಿ ನಿಂತಲ್ಲೇ ಗೇರ್ ಬದಲಿಸಬಹುದು.

ಏರು ಜಾಸ್ತಿ ಇದ್ದರೆ ಮಾತ್ರ ಡಿರೇಲರ್ ಗೆಲ್ಲುತ್ತದೆ. 3 ಸ್ಪೀಡ್ ಹಬ್‌ನ ಮೇಲಿನ ಗೇರ್ ಕೆಳಗಿನದಕ್ಕಿಂತ ಸುಮಾರು 1.8 ಪಟ್ಟು, ಡಿರೇಲರ್‌ನ 11-32 ಹಲ್ಲಿನ ಕ್ಯಾಸೆಟ್‌ನಲ್ಲಿ (ಹಿಂದಿನ ಹಲ್ಲುಚಕ್ರಗಳ ಗುಂಪು, ಚಿಕ್ಕದಕ್ಕೆ 11 ಹಲ್ಲು, ದೊಡ್ಡದಕ್ಕೆ 32) 2.9 ಪಟ್ಟು.

ನನ್ನ ಓಟು ಹಬ್‌ಗೆ. ಚಕ್ರ ಕಟ್ಟಿಸುವಾಗ ಅಲ್ಯೂಮಿನಿಯಂ ರಿಮ್ ಹಾಕಿಸಿ. ಮಳೆಯಲ್ಲಿ ಸ್ಟೀಲ್ ರಿಮ್‌ಗೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.