ಒಂದೇ ಅಭ್ಯಾಸಕ್ಕೆ ನಾಲ್ಕು ಪರೀಕ್ಷೆಗಳು ಕೊಟ್ಟ ನಾಲ್ಕು ಹೆಸರು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ನಾನು ಸೆಕ್ಷನ್ ಇನ್‌ಚಾರ್ಜ್. ಎರಡು ಶಿಫ್ಟ್ ಸೇರಿ 22 ಜನ ನನ್ನ ಜೊತೆ ಕೆಲಸ ಮಾಡುತ್ತಾರೆ. ಆಪರೇಟರ್‌ಗಳು, ಮೆಷಿನ್‌ನ ಸೆಟ್ಟಿಂಗ್ ಮಾಡುವ ಸೆಟ್ಟರ್‌ಗಳು, ಇಬ್ಬರು ಇನ್‌ಸ್ಪೆಕ್ಟರ್‌ಗಳು, ಈಗಷ್ಟೇ ಡಿಪ್ಲೊಮಾ ಮುಗಿಸಿ ಬಂದ ಹುಡುಗರು. ಈ ಜವಾಬ್ದಾರಿ ಬಂದ ಮೇಲೆ ಹಲವು ವ್ಯಕ್ತಿತ್ವ ಪರೀಕ್ಷೆಗಳಿಗೆ ಕೂತಿದ್ದೇನೆ. ಕೆಲವನ್ನು ಕಂಪನಿ ಮಾಡಿಸಿತು, ಕೆಲವನ್ನು ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡೆ. ಹೊಸದಾಗಿ ಟೀಮ್ ಲೀಡ್ ಆದವರು "ಯಾವುದು ಮಾಡಿಸಿದ್ರೆ ಒಳ್ಳೇದು ಮೇಡಂ?" ಎಂದು ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹೋಲಿಸಲು ಒಂದು ಅಳತೆಗೋಲು ಬೇಕಲ್ಲ. ನನ್ನದೇ ಒಂದು ಅಭ್ಯಾಸವನ್ನು ಅಳತೆಗೋಲು ಮಾಡಿಕೊಳ್ಳುತ್ತೇನೆ. ಮೆಷಿನ್‌ನ ಸೆಟ್ಟಿಂಗ್ ಬದಲಾದಾಗ ಬರುವ ಮೊದಲ ಪೀಸನ್ನು ಸೆಟ್ಟರ್ ಅಳೆಯುತ್ತಾರೆ. ಆಮೇಲೆ ಇನ್‌ಸ್ಪೆಕ್ಟರ್ ಅಳೆದು ರಿಪೋರ್ಟಿಗೆ ಸಹಿ ಹಾಕುತ್ತಾರೆ. ಅಷ್ಟಾದ ಮೇಲೂ ನಾನು ಹೋಗಿ ಅದೇ ಪೀಸನ್ನು ಎತ್ತಿ, ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರ್‌ಗೆ ಹಿಡಿಯುತ್ತಿದ್ದೆ. ನಾನು ತಲೆಯಾಡಿಸುವ ತನಕ ಮೆಷಿನ್ ಓಡುತ್ತಿರಲಿಲ್ಲ. ರಿಪೋರ್ಟು, ಶಿಫ್ಟ್ ಪಟ್ಟಿ, ಟೂಲ್ ಇಂಡೆಂಟ್ (ಟೂಲ್ ಬೇಕೆಂದು ಕೊಡುವ ಚೀಟಿ) ಎಲ್ಲದರಲ್ಲೂ ಇದೇ ಕತೆ. ಕೆಲಸ ಒಪ್ಪಿಸುತ್ತಿದ್ದೆ, ಆಮೇಲೆ ವಾಪಸ್ ಕೈಗೆ ತೆಗೆದುಕೊಳ್ಳುತ್ತಿದ್ದೆ. ಈ ಅಭ್ಯಾಸವನ್ನು ಯಾವ ಪರೀಕ್ಷೆ ನನಗೆ ತೋರಿಸಿತು, ಯಾವುದು ಮುಚ್ಚಿಟ್ಟಿತು ಎಂದು ನೋಡೋಣ.

ಮೊದಲು ಬಂದದ್ದು ಎಂಬಿಟಿಐ, ಅಂದರೆ ಮೈಯರ್ಸ್-ಬ್ರಿಗ್ಸ್. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ವಿಚಾರಗಳನ್ನು ಹಿಡಿದು ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಬೆಳೆಸಿದ ಪರೀಕ್ಷೆ ಇದು. ಎದುರುಬದುರಾದ ಗುಣಗಳ ನಾಲ್ಕು ಜೋಡಿ, ಪ್ರತಿ ಜೋಡಿಯಲ್ಲಿ ಒಂದು ಅಕ್ಷರ ನಿಮ್ಮದು, ಒಟ್ಟು 16 ಬಗೆಯ ಜನ. ನನಗೆ ಬಂದದ್ದು ಐ-ಎಸ್-ಟಿ-ಜೆ. ನಂಬಿಕಸ್ಥೆ, ಶಿಸ್ತಿನವಳು, ಒಪ್ಪಿಕೊಂಡ ಕೆಲಸ ಬಿಡದವಳು ಎಂದು ವರದಿ ಹೇಳಿತು. ಓದಿ ಬಹಳ ಖುಷಿಪಟ್ಟೆ. ಮನೆಯಲ್ಲಿ ಯಜಮಾನರಿಗೂ ಓದಿ ಹೇಳಿದೆ.

ಆ ಖುಷಿಯ ಬಗ್ಗೆಯೇ ಎಚ್ಚರ ಇರಬೇಕು ಎಂದು ಆಮೇಲೆ ಗೊತ್ತಾಯಿತು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಮಾಡಿ, ಪ್ರತಿಯೊಬ್ಬರ ಕೈಗೂ ಅವರವರ ವ್ಯಕ್ತಿತ್ವದ ವರದಿ ಎಂದು ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು 5ಕ್ಕೆ ಅಂಕ ಹಾಕಿಸಿದರೆ ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡ ಸಾಲುಗಳು! ಎಂಬಿಟಿಐ ಎಲ್ಲರಿಗೂ ಒಂದೇ ಹಾಳೆ ಕೊಡುವುದಿಲ್ಲ, ನಿಜ. ಆದರೆ ಒಳ್ಳೆಯ ಮಾತು ಕೇಳಿದಾಗ "ಹೌದು, ಇದು ನಾನೇ" ಎನ್ನುವ ಮನಸ್ಸು ನನ್ನಲ್ಲೂ ಅದೇ.

ಏಳು ತಿಂಗಳ ನಂತರ ಮತ್ತೆ ಬರೆದಾಗ ನಾನು ಇ-ಎಸ್-ಟಿ-ಜೆ ಆಗಿದ್ದೆ. ನಾನೇನೂ ಬದಲಾಗಿರಲಿಲ್ಲ. ಅಂತರ್ಮುಖಿ ಮತ್ತು ಬಹಿರ್ಮುಖಿ ಎಂಬ ಗೆರೆಯ ನಡುವಿನಲ್ಲಿ ನಿಂತವಳನ್ನು ಒಂದು ಸಲ ಈ ಕಡೆಗೆ, ಇನ್ನೊಂದು ಸಲ ಆ ಕಡೆಗೆ ಸೇರಿಸಿದರು. ಗೆರೆಗೆ ತೀರ ಹತ್ತಿರ ಇರುವ ಇಬ್ಬರಿಗೆ ಬೇರೆ ಬೇರೆ ಅಕ್ಷರ, ತುದಿಯಲ್ಲಿರುವವರಿಗೂ ನಡುವಿನವರಿಗೂ ಒಂದೇ ಅಕ್ಷರ. ಅಳತೆಯ ಕೆಲಸ ಮಾಡುವ ನನಗೆ ಇದು ಒಪ್ಪಿಗೆಯಾಗಲಿಲ್ಲ.

ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಒಬ್ಬ ಚುರುಕು ಎಂಜಿನಿಯರ್ ಹುಡುಗನನ್ನು ಗ್ರಾಹಕರ ಮೀಟಿಂಗಿಗೆ ಕಳಿಸುವುದನ್ನೇ ನಿಲ್ಲಿಸಿದರು. ಕಾರಣ ಅವನ ಮೊದಲ ಅಕ್ಷರ 'ಐ', ಅಂದರೆ ಅಂತರ್ಮುಖಿ. ನೌಕರಿಗೆ ಆಯ್ಕೆ ಮಾಡಲು ಈ ಪರೀಕ್ಷೆಯನ್ನು ಬಳಸಬಾರದು ಎಂದು ಅದನ್ನು ಮಾರುವವರೇ ಹೇಳುತ್ತಾರೆ. ಸಂಶೋಧಕ ಟಿಮೊಥಿ ಜಡ್ಜ್ ಮತ್ತು ಸಂಗಡಿಗರು 2002ರಲ್ಲಿ 73 ಗುಂಪುಗಳ ಅಂಕಿಅಂಶ ಕಲೆಹಾಕಿದಾಗ ಬಹಿರ್ಮುಖತೆಗೂ ನಾಯಕತ್ವಕ್ಕೂ ಇದ್ದ ಸಹಸಂಬಂಧ 0.31 (0 ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ತಿ ಸಂಬಂಧ). ಸಂಬಂಧ ಇದೆ, ಆದರೆ ಒಬ್ಬ ಹುಡುಗನ ದಾರಿ ಮುಚ್ಚುವಷ್ಟು ಅದು ದೊಡ್ಡದಲ್ಲ. ಅದರಲ್ಲೂ ಗುಂಪಿನಲ್ಲಿ ನಾಯಕರಂತೆ ಕಾಣಿಸಿಕೊಳ್ಳುವುದರ ಜೊತೆ ಆ ಸಂಬಂಧ ಹೆಚ್ಚು, ನಾಯಕತ್ವವನ್ನು ಚೆನ್ನಾಗಿ ನಿಭಾಯಿಸುವುದರ ಜೊತೆ ಕಡಿಮೆ. ಆ ಹುಡುಗ ಕೆಲಸ ಬಿಟ್ಟು ಹೋದ. ಅವನ ಪರವಾಗಿ ಆಗ ನಾನು ಮಾತಾಡಲಿಲ್ಲ ಎಂಬ ಕೊರಗು ಇನ್ನೂ ಇದೆ.

ಡಿಸ್ಕ್ ಎಂಬ ಇನ್ನೊಂದು ಪರೀಕ್ಷೆಯ ಬಗ್ಗೆ ಹೇಳುವುದು ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್‌ಟನ್ 1928ರಲ್ಲಿ ಹೇಳಿದ ನಾಲ್ಕು ಬಗೆಯ ವರ್ತನೆಗಳ ಮೇಲೆ ಬೇರೆಯವರು ಕಟ್ಟಿದ್ದು. ಅರ್ಧ ದಿನದ ಟ್ರೈನಿಂಗ್, ನಾಲ್ಕು ಬಣ್ಣ. ಯಾರ ಜೊತೆ ಚುಟುಕಾಗಿ ಮಾತಾಡಬೇಕು, ಯಾರಿಗೆ ವಿವರವಾಗಿ ಹೇಳಬೇಕು ಎಂಬ ಸೂಕ್ಷ್ಮ ಸ್ವಲ್ಪ ಬಂತು. ನನ್ನ ಅಭ್ಯಾಸದ ಬಗ್ಗೆ ಎಂಬಿಟಿಐ ಹೇಳಿದ್ದನ್ನೇ ಬೇರೆ ಬಣ್ಣದಲ್ಲಿ ಹೇಳಿತು. ಅದಕ್ಕೇ ನಾಲ್ಕರ ಲೆಕ್ಕಕ್ಕೆ ಅದನ್ನು ಸೇರಿಸಿಲ್ಲ.

ಎರಡನೆಯದು ಕ್ಲಿಫ್ಟನ್ ಸ್ಟ್ರೆಂತ್ಸ್, ಗ್ಯಾಲಪ್ ಸಂಸ್ಥೆಯದು. ಇದಕ್ಕೆ ನನ್ನ ಜೇಬಿನ ದುಡ್ಡು ಹೋಯಿತು. 177 ಜೋಡಿ ಹೇಳಿಕೆಗಳು, ಒಂದೊಂದಕ್ಕೆ 20 ಸೆಕೆಂಡ್. ಯೋಚಿಸಿ ಚಂದದ ಉತ್ತರ ಕೊಡಲು ಪುರುಸೊತ್ತಿಲ್ಲ, ಅದು ನನಗೆ ಇಷ್ಟವಾಯಿತು. 34 ಸಾಮರ್ಥ್ಯಗಳಲ್ಲಿ ನಮ್ಮ ಮೊದಲ ಐದನ್ನು ಹೇಳುತ್ತದೆ, ಪೂರ್ತಿ ಪಟ್ಟಿ ಬೇಕೆಂದರೆ ಹೆಚ್ಚು ದುಡ್ಡು. ನನ್ನ ಮೊದಲನೆಯದು 'ಜವಾಬ್ದಾರಿ'. ಅಂದರೆ ಮೈಕ್ರೋಮೀಟರ್ ಕಿತ್ತುಕೊಳ್ಳುವ ನನ್ನ ಅಭ್ಯಾಸಕ್ಕೆ ಇಲ್ಲಿ ಮೊದಲ ಬಹುಮಾನ ಸಿಕ್ಕಿತು. ಆಮೇಲಿನ ಆರು ತಿಂಗಳು ನಾನು ಇನ್ನೂ ಹೆಚ್ಚು ಅಳೆದೆ.

ಹಾಗಂತ ಅದನ್ನು ತಳ್ಳಿಹಾಕಲಾರೆ. ಒಬ್ಬೊಬ್ಬರಲ್ಲೂ ಏನು ಚೆನ್ನಾಗಿದೆ ಎಂದು ಹುಡುಕುವ ಕಣ್ಣು ಅದರಿಂದಲೇ ಬಂತು. ಯಾವಾಗಲೂ ಲೇಟು ಎಂದು ಬೈಸಿಕೊಳ್ಳುತ್ತಿದ್ದ ಒಬ್ಬ ಆಪರೇಟರ್ ಹೊಸಬರಿಗೆ ಎಷ್ಟು ತಾಳ್ಮೆಯಿಂದ ಕಲಿಸುತ್ತಾರೆ ಎಂದು ನಾನು ಗಮನಿಸಿದ್ದು ಆಗಲೇ. ಕೆಳಗಿನವರನ್ನು ಬೆಳೆಸಲು ಅದು ಒಳ್ಳೆಯದು. ನನ್ನ ದೋಷ ನನಗೆ ತೋರಿಸಲು ಅದರಿಂದ ಆಗಲಿಲ್ಲ.

ಮೂರನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ. ವ್ಯಕ್ತಿತ್ವವನ್ನು ಐದು ದೊಡ್ಡ ಗುಣಗಳಲ್ಲಿ ಅಳೆಯುವ, ಮನಶ್ಶಾಸ್ತ್ರಜ್ಞರು ಹೆಚ್ಚು ನೆಚ್ಚುವ ಬಿಗ್ ಫೈವ್ ಮಾದರಿಯ ಪರೀಕ್ಷೆ, ಐಪಿಐಪಿ-ನಿಯೋ-120. ಅಮೆರಿಕದ ಪ್ರೊಫೆಸರ್ ಜಾನ್ ಜಾನ್ಸನ್ ಸಿದ್ಧಪಡಿಸಿದ್ದು, ಯಾರು ಬೇಕಾದರೂ ಬಳಸಬಹುದು. ಇಲ್ಲಿ ಬಗೆ ಇಲ್ಲ, ಬಿರುದು ಇಲ್ಲ. ಐದು ಗುಣ, ಒಂದೊಂದರೊಳಗೆ ಆರು ಎಳೆ, ಒಟ್ಟು 30 ಸಂಖ್ಯೆಗಳು. ಈ ಸಂಖ್ಯೆಗಳನ್ನು ಎಸ್ಸೆಸ್ಸೆಲ್ಸಿ ಅಂಕಗಳಂತೆ ಓದಬೇಡಿ. ಇಲ್ಲಿ ಇಷ್ಟಕ್ಕೆ ಪಾಸ್ ಎಂಬುದಿಲ್ಲ. ನಿಮ್ಮದೇ ವಯಸ್ಸಿನ ನೂರು ಜನರಲ್ಲಿ ಎಷ್ಟು ಮಂದಿ ನಿಮಗಿಂತ ಕೆಳಗಿದ್ದಾರೆ ಎಂಬ ಅಂದಾಜು ಅಷ್ಟೇ.

ಅಚ್ಚುಕಟ್ಟುತನದಲ್ಲಿ 91, ಕರ್ತವ್ಯನಿಷ್ಠೆಯಲ್ಲಿ 84. ಇವು ನಿರೀಕ್ಷಿಸಿದ್ದೇ. ಆದರೆ 'ನಂಬಿಕೆ' ಎಂಬ ಎಳೆಯಲ್ಲಿ 19. ಆ ಎಳೆಗೆ ಇರುವುದು ನಾಲ್ಕೇ ಹೇಳಿಕೆ. ಅದರಲ್ಲೊಂದು, ಜನ ಹೇಳುವುದನ್ನು ನಂಬುತ್ತೇನೆ ಎಂಬುದು. ಅದಕ್ಕೆ ನಾನು ಒತ್ತಿದ ಉತ್ತರ ನೆನಪಿತ್ತು, ಒತ್ತುವಾಗ ಕಣ್ಣ ಮುಂದೆ ಬಂದದ್ದು ನಮ್ಮ ಸೆಟ್ಟರ್ ಒಬ್ಬರ ಮುಖ ಎಂಬುದೂ ನೆನಪಿತ್ತು. ಎಂಬಿಟಿಐ ನಂಬಿಕಸ್ಥೆ ಎಂದಿತ್ತು. ಈ ಪರೀಕ್ಷೆ ಹೇಳಿದ್ದು ಇದು: ನೀನು ನಂಬಿಕಸ್ಥೆ ಇರಬಹುದು, ಬೇರೆಯವರನ್ನು ನಂಬುತ್ತೀಯಾ? ಆ ರಾತ್ರಿ ತುಂಬ ಹೊತ್ತು ಯೋಚಿಸಿದೆ.

ಇದರಲ್ಲೂ ತೊಡಕಿದೆ. ಪ್ರಶ್ನೆಗಳೆಲ್ಲ ಅಮೆರಿಕದ ಬದುಕಿನವು, ನಾನು ಬರೆದದ್ದು ಇಂಗ್ಲಿಷಿನಲ್ಲಿ. ಲಿಬರಲ್ ಅಭ್ಯರ್ಥಿಗಳಿಗೆ ಮತ ಹಾಕುತ್ತೀರಾ, ಕನ್ಸರ್ವೇಟಿವ್ ಅಭ್ಯರ್ಥಿಗಳಿಗೆ ಹಾಕುತ್ತೀರಾ ಎಂದು ಕೇಳುತ್ತದೆ. ದಾಸರಹಳ್ಳಿಯ ಮತದಾರಳು ಇದಕ್ಕೆ ಏನು ಒತ್ತಬೇಕು? ದೊಡ್ಡ ಪಾರ್ಟಿಗಳೆಂದರೆ ಇಷ್ಟವೇ ಎಂಬುದು ಇನ್ನೊಂದು. ತಿಪಟೂರಿನ ಕಡೆ ನಮ್ಮವರ ಮದುವೆಯಲ್ಲಿ ಪಂಕ್ತಿಯುದ್ದಕ್ಕೂ ಸಾರಿನ ಬಕೆಟ್ ಹಿಡಿದು ಓಡಾಡುವುದೆಂದರೆ ನನಗೆ ಪ್ರಾಣ. ಹೋಟೆಲಿನಲ್ಲಿ ಕಂಪನಿ ಕೊಡುವ ಪಾರ್ಟಿಯಲ್ಲಿ ಮೂಲೆಯ ಕುರ್ಚಿ ಹುಡುಕುತ್ತೇನೆ. ಹಾಗಾಗಿ ಆ ಐದು ಗುಣಗಳಲ್ಲಿ ಮುಕ್ತತೆ, ಬಹಿರ್ಮುಖತೆ ಎಂಬೆರಡರ ಕೆಲವು ಎಳೆಗಳ ಸಂಖ್ಯೆಯನ್ನು ನಾನು ಗಂಭೀರವಾಗಿ ತೆಗೆದುಕೊಂಡಿಲ್ಲ. ಇಂಥದ್ದನ್ನು ಒಳ್ಳೆಯ ಕನ್ನಡದಲ್ಲಿ, ನಮ್ಮ ಬದುಕಿಗೆ ಹೊಂದುವಂತೆ ರೂಪಿಸಿ ನಮ್ಮ ಸೆಟ್ಟರ್‌ಗಳ ಕೈಗೂ ಕೊಡುವಂತಾಗಬೇಕು ಎಂಬುದು ನನ್ನ ದೊಡ್ಡ ಆಸೆ.

ನಾಲ್ಕನೆಯದು ಸುತ್ತಲಿನವರಿಂದಲೇ ಅಭಿಪ್ರಾಯ ಕೇಳುವುದು. ಕಂಪನಿಗಳು ಇದನ್ನು 360 ಡಿಗ್ರಿ ಫೀಡ್‌ಬ್ಯಾಕ್ ಎನ್ನುತ್ತವೆ. ನಮ್ಮ ಬೆನ್ನು ನಮಗೆ ಕಾಣುವುದಿಲ್ಲವಲ್ಲ. ನಾನು ಗೂಗಲ್ ಫಾರ್ಮ್‌ನಲ್ಲಿ ಕನ್ನಡದಲ್ಲೇ ಮೂರು ಪ್ರಶ್ನೆ ಹಾಕಿದೆ. ನಾನು ಏನು ಮುಂದುವರಿಸಬೇಕು, ಏನು ನಿಲ್ಲಿಸಬೇಕು, ಯಾವ ಕೆಲಸ ನಿಮಗೆ ಬಿಟ್ಟುಕೊಡಬೇಕು. ಹೆಸರು ಬೇಡ, ಇಮೇಲ್ ಬೇಡ. ಕಾಗದದಲ್ಲಿ ಬರೆಸಿದ್ದರೆ 22 ಜನರ ಅಕ್ಷರವೂ ನನಗೆ ಗೊತ್ತು, ಯಾರೂ ನಿಜ ಬರೆಯುತ್ತಿರಲಿಲ್ಲ. 17 ಉತ್ತರ ಬಂತು. ಬಹುಪಾಲು "ಎಲ್ಲಾ ಚೆನ್ನಾಗಿದೆ ಮೇಡಂ". ಒಂದು ಮಾತ್ರ ಹೀಗಿತ್ತು:

"ನೀವು ಹೆಂಗೂ ಅಳೀತೀರಲ್ಲ ಮೇಡಂ. ಅದಕ್ಕೆ ನಾನು ಈಗ ಸರಿಯಾಗಿ ಅಳೆಯೋದೇ ಬಿಟ್ಟಿದೀನಿ."

ಈ ಸಾಲನ್ನು ಎಷ್ಟು ಸಲ ಓದಿದೆನೋ. ಗುಣಮಟ್ಟ ಕಾಯುತ್ತಿದ್ದೇನೆ ಎಂದು ಮೂರು ವರ್ಷ ನಂಬಿದ್ದೆ. ನನ್ನ ಅಳತೆಯೇ ಅವರ ಅಳತೆಯನ್ನು ಸಡಿಲ ಮಾಡುತ್ತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಯಾವುದೂ ಇದನ್ನು ಹೇಳಲು ಸಾಧ್ಯವಿರಲಿಲ್ಲ, ಏಕೆಂದರೆ ಅವೆಲ್ಲ ಕೇಳಿದ್ದು ನನ್ನನ್ನೇ. ಆದರೆ ನಂಬಿಕೆಯ ಆ 19 ಮೊದಲೇ ಮನಸ್ಸಿನಲ್ಲಿ ಇರದಿದ್ದರೆ, ಯಾರೋ ಸೋಮಾರಿ ಬರೆದಿದ್ದಾರೆ ಎಂದು ಈ ಉತ್ತರವನ್ನು ಪಕ್ಕಕ್ಕಿಡುತ್ತಿದ್ದೆ. ಅದಕ್ಕೇ ಕೇಳಿದವರಿಗೆ ನಾನು ಹೇಳುವುದು ಈ ಎರಡನ್ನು, ಇದೇ ಕ್ರಮದಲ್ಲಿ: ಮೊದಲು ಸಂಖ್ಯೆ, ಆಮೇಲೆ ಜನ. ಬರೆದವರು ಯಾರೆಂದು ಹುಡುಕಬೇಡಿ. ಒಂದು ಸಲ ಹುಡುಕಿದಿರಿ ಎಂದು ಗೊತ್ತಾದರೆ ಮುಂದೆ ಬರುವ ಎಲ್ಲ ಉತ್ತರವೂ "ಎಲ್ಲಾ ಚೆನ್ನಾಗಿದೆ ಮೇಡಂ" ಎಂದೇ ಇರುತ್ತದೆ.

ಮುಂದಿನ ಸೋಮವಾರದಿಂದ ಎರಡು ಮೆಷಿನ್‌ಗಳ ಮೊದಲ ಪೀಸನ್ನು ಮುಟ್ಟುವುದು ಬಿಟ್ಟೆ. ಮೂರನೇ ವಾರದಲ್ಲಿ 34 ಶಾಫ್ಟ್‌ಗಳು ಅಳತೆಗಿಂತ ಸಣ್ಣದಾಗಿ ಬಂದು ಸ್ಕ್ರಾಪಿಗೆ ಹೋದವು. ಮ್ಯಾನೇಜರ್ ಮುಂದೆ ನಾನೇ ಉತ್ತರ ಕೊಟ್ಟೆ. ವಾಪಸ್ ಬಂದಾಗ ಸೆಟ್ಟರ್ ಮೆಷಿನ್ ಪಕ್ಕ ತಲೆ ತಗ್ಗಿಸಿ ನಿಂತಿದ್ದರು, ನಾನು ಮೈಕ್ರೋಮೀಟರ್‌ಗೆ ಕೈ ಚಾಚುತ್ತೇನೆ ಎಂದೇ ಕಾದಿದ್ದರು. "ಎಲ್ಲಿ ತಪ್ಪಿತು ಅಂತ ನೀವೇ ನೋಡಿ, ಸಂಜೆ ನನಗೆ ಹೇಳಿ" ಎಂದು ಹೊರಟುಬಿಟ್ಟೆ. ಸಂಜೆ ಅವರೇ ಬಂದು, ಇನ್‌ಸರ್ಟ್ (ಲೋಹ ಕತ್ತರಿಸುವ ಬಿಲ್ಲೆ) ಬದಲಾಯಿಸಿದ ಮೇಲೆ ಆಫ್‌ಸೆಟ್ (ಮೆಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಸರಿಮಾಡಿರಲಿಲ್ಲ ಎಂದರು. ಆ ಮೆಷಿನ್ ಮೇಲೆ ಈಗ ಅವರ ಕೈಬರಹದ ಒಂದು ಚೀಟಿ ಇದೆ: ಇನ್‌ಸರ್ಟ್ ಹಾಕಿದ ಮೇಲೆ ಎರಡು ಪೀಸ್ ಅಳೆ.

ಈ ವರ್ಷ ಎರಡೂ ಮತ್ತೆ ಮಾಡಿದೆ. ನಂಬಿಕೆ 19ರಿಂದ 23ಕ್ಕೆ ಬಂದಿದೆ. ನಾಲ್ಕೇ ಹೇಳಿಕೆಗಳ ಎಳೆಯಲ್ಲಿ ಅಷ್ಟು ಏರಿಳಿತಕ್ಕೆ ಅರ್ಥ ಕಟ್ಟಲಾಗದು. ಫಾರ್ಮಿಗೆ ಈ ಸಲ 20 ಉತ್ತರ ಬಂದಿವೆ. ಅದರಲ್ಲೊಂದು ಹೇಳುತ್ತದೆ, "ಡ್ರಾಯಿಂಗ್ ಬದಲಾದ್ರೆ ನಮಗೆ ಕೊನೆಗೆ ಹೇಳ್ತೀರ, ಮೊದಲೇ ಹೇಳಿ ಮೇಡಂ." ನಾಳೆ ಬೆಳಿಗ್ಗೆ ಆರು ಗಂಟೆಯ ಶಿಫ್ಟಿಗೆ ಹೊಸ ಡ್ರಾಯಿಂಗ್ ಇದೆ. ಅದರ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.